ನಾಲ್ವರು ಸೋದರರು ಬೆಟ್ಟದ ಕೆಳಗೆ, ಸೀತೆ ಮೇಲೆ

ಮುಳಬಾಗಿಲಿನಿಂದ ಕೆಲವೇ ಮೈಲಿಗಳ ದೂರದಲ್ಲಿ, ಬಯಲುಸೀಮೆಯ ಹೊಲಗದ್ದೆಗಳ ನಡುವಿನಿಂದ ಥಟ್ಟನೆ ಮೇಲೆದ್ದು ನಿಂತ ಹೆಬ್ಬಂಡೆಗಳ ಬೆಟ್ಟ ಆವನಿ. ರಾಮಾಯಣವೆಂದರೆ ಅಯೋಧ್ಯೆಯ ಪಟ್ಟಾಭಿಷೇಕದೊಡನೆ ಮುಗಿಯುವ ಮಂಗಳಕಥೆ ಎಂದುಕೊಂಡವರಿಗೆ ಈ ಬೆಟ್ಟ ಬೇರೆಯೇ ಒಂದು ವೃತ್ತಾಂತವನ್ನು ಕಾದಿರಿಸಿದೆ. ಪರಿತ್ಯಕ್ತೆಯಾದ ತುಂಬುಗರ್ಭಿಣಿ ಸೀತೆ ವಾಲ್ಮೀಕಿಯ ಆಶ್ರಯದಲ್ಲಿ ನೆಲೆಸಿದ್ದು ಇಲ್ಲಿ, ಲವಕುಶರನ್ನು ಹೆತ್ತದ್ದು ಇಲ್ಲಿ, ಯಜ್ಞಾಶ್ವವನ್ನು ಕಟ್ಟಿಹಾಕಿದ ಆ ಬಾಲಕರು ತಂದೆಯ ಸೇನೆಗೆ ಇದಿರಾದದ್ದೂ ಇದೇ ಬಂಡೆಗಳ ಮೇಲೆ ಎಂಬುದು ಊರಿನ ಅಚಲ ನಂಬಿಕೆ. ಬೆಟ್ಟದ ಬುಡದಲ್ಲಿ ನೊಳಂಬರ ಕಾಲದ ಭವ್ಯ ದೇಗುಲ ಸಮುಚ್ಚಯವಿದೆ. ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ನಾಲ್ವರು ಸೋದರರ ಹೆಸರಿನಲ್ಲಿ ನಾಲ್ಕು ಶಿವಾಲಯಗಳು. ಸೀತೆಯ ಗುಡಿ ಮಾತ್ರ ಬೆಟ್ಟದ ನೆತ್ತಿಯ ಮೇಲೆ. ಕಟ್ಟಿದವರ ಮನಸ್ಸಿನಲ್ಲಿ ಏನಿತ್ತೋ ಏನೋ, ಹೆಣ್ಣಿನ ದೃಷ್ಟಿಯಿಂದ ಪುನರ್ಲಿಖಿತವಾದ ರಾಮಾಯಣಕ್ಕೆ ಇದಕ್ಕಿಂತ ಸಮರ್ಪಕ ಭೂಪಟ ಸಿಗುವುದು ಕಷ್ಟ.

ಹಳೆಯ ಕಥೆಗಳನ್ನು ಸ್ತ್ರೀವಾದಿ ನೆಲೆಯಿಂದ ಮರಳಿ ಹೇಳುವ ಕಲೆಗೆ ಇಂದು ಜಗತ್ತಿನಾದ್ಯಂತ ಅಪಾರ ಮನ್ನಣೆಯಿದೆ. ಫ್ರಾನ್ಸಿನಲ್ಲಿ ಶಾರ್ಲ್ ಪೆರೋ 1697ರಲ್ಲಿ ಸಿಂಡರೆಲಾ, ನಿದ್ರಾಸುಂದರಿಯರ ಕಥೆಗಳನ್ನು ಪ್ರಕಟಿಸಿದ. ಜರ್ಮನಿಯ ಗ್ರಿಮ್ ಸೋದರರ ಸಂಗ್ರಹ 1812ರಲ್ಲಿ ಬಂತು. ಗ್ರಿಮ್ ಸೋದರರು ಮುಂದಿನ ಆವೃತ್ತಿಗಳಲ್ಲಿ ಕಥೆಗಳನ್ನು ತಿದ್ದುತ್ತಾ ಹೋದರು. ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟ ಹೆತ್ತತಾಯಿ ಮಲತಾಯಿಯಾದದ್ದು ಹೀಗೆ. ಇಂಗ್ಲೆಂಡಿನ ಆಂಜೆಲಾ ಕಾರ್ಟರ್ 1979ರಲ್ಲಿ ‘ದ ಬ್ಲಡಿ ಚೇಂಬರ್’ ಬರೆದು ಆ ರಾಜಕುಮಾರಿಯರಿಗೆ ಹೊಸ ನಾಲಗೆ ಕೊಟ್ಟದ್ದನ್ನು ಸಾಹಿತ್ಯಲೋಕ ಒಂದು ಮಹಾಪಲ್ಲಟವೆಂದೇ ಪರಿಗಣಿಸಿದೆ.

ಕನ್ನಡದಲ್ಲಿ ಈ ಇತಿಹಾಸದ ಗತಿಯೇ ಬೇರೆ. ನಮ್ಮ ಅಡುಗೆಮನೆಯ ಕಥೆಗಳನ್ನು ಹೇಳುತ್ತಿದ್ದವರು ಹೆಂಗಸರು. ಕಥಾನಾಯಕಿಯ ಸಂಕಟ ಅವರಿಗೆ ಹೊರಗಿನದಾಗಿರಲಿಲ್ಲ. ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಬೋಧಿಸಿದ ಎ.ಕೆ. ರಾಮಾನುಜನ್ ಈ ನಿಧಿಯ ಮಹಾನ್ ಶೋಧಕ. ಅವರು ಸಂಗ್ರಹಿಸಿದ ‘ಹಂಚಿ’ ಕನ್ನಡದ ಸಿಂಡರೆಲಾ ಎಂದೇ ಪ್ರಸಿದ್ಧ. 1982ರಲ್ಲಿ ಅಲನ್ ಡಂಡೆಸ್ ಸಂಪಾದಿಸಿದ ಸಿಂಡರೆಲಾ ಅಧ್ಯಯನ ಗ್ರಂಥದಲ್ಲಿ ಅದಕ್ಕೆ ಗೌರವದ ಸ್ಥಾನ ದೊರೆಯಿತು. ಇಲ್ಲಿ ಕಿನ್ನರಿಯೂ ಇಲ್ಲ, ಗಾಜಿನ ಪಾದುಕೆಯೂ ಇಲ್ಲ. ಚಿನ್ನದ ಕೂದಲಿನ ಹುಡುಗಿಯನ್ನು ಸ್ವಂತ ಅಣ್ಣನೇ ಮೋಹಿಸುತ್ತಾನೆ. ತಾಯಿ ಮಣ್ಣಿನ ಮುಖವಾಡ ತೊಡಿಸಿ ಮಗಳನ್ನು ಮನೆಯಿಂದ ಪಾರುಮಾಡುತ್ತಾಳೆ. ಹುಡುಗಿ ಪರರ ಮನೆಯಲ್ಲಿ ಅಡುಗೆಯ ಕೆಲಸ ಮಾಡಿ ಬದುಕುತ್ತಾಳೆ. ಮನೆಯೇ ಹೆಣ್ಣಿಗೆ ಅಪಾಯದ ತಾಣವಾಗಬಹುದೆಂಬ ಕಟುಸತ್ಯವನ್ನು ಮಕ್ಕಳ ಕಥೆಯೊಳಗೆ ಅಡಗಿಸಿಟ್ಟ ಆ ಅಜ್ಜಿಯರ ಧೈರ್ಯ ಸಾಮಾನ್ಯದ್ದಲ್ಲ.

ಹೂವಿನ ಮರವಾಗುವ ಹುಡುಗಿಯ ಕಥೆಯ ಪಯಣವಂತೂ ಇನ್ನಷ್ಟು ರೋಮಾಂಚಕ. ಒಂದು ಕೊಡ ನೀರು ಸುರಿದರೆ ಮರವಾಗಿ, ಮತ್ತೊಂದು ಕೊಡ ಸುರಿದರೆ ಮನುಷ್ಯಳಾಗುವ ಈ ಬಡ ಹುಡುಗಿ ಅರಮನೆಯ ಸೊಸೆಯಾಗುತ್ತಾಳೆ. ಪೆರೋನ ಕಥೆ ಮದುವೆಯಲ್ಲಿ ಸುಖಾಂತವಾದರೆ, ಇವಳ ಕಷ್ಟ ಮೊದಲಾಗುವುದೇ ಮದುವೆಯ ನಂತರ. ನಾದಿನಿ ಗೆಳತಿಯರೊಡನೆ ಸೇರಿ ಕೊಂಬೆಗಳನ್ನು ಮುರಿದುಹಾಕುತ್ತಾಳೆ, ಹುಡುಗಿ ಅಂಗಹೀನಳಾಗಿ ಉಳಿಯುತ್ತಾಳೆ. ರಾಮಾನುಜನ್ ಇದನ್ನು ಹೆಣ್ಣಿನ ಕಥೆಯೆಂದೇ ಗುರುತಿಸಿ ಪ್ರತ್ಯೇಕ ಪ್ರಬಂಧ ಬರೆದರು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಚಲನಚಿತ್ರವಾಗಿಸಿದರು. ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಇದನ್ನೇ ಅಪೆರಾ ಆಗಿ ರಂಗಕ್ಕೆ ತಂದರು. ಹಿತ್ತಲಲ್ಲಿ ಹುಟ್ಟಿದ ಒಂದು ಕನ್ನಡ ಕಥೆಗೆ ಇಂಥ ವಿಶ್ವಪರ್ಯಟನೆಯ ಯೋಗ!

ಹಾಗೆಂದು ಹಳೆಯದೆಲ್ಲ ವಿಮೋಚನೆಯ ಕಥೆಯೇ ಎಂದು ಸಂಭ್ರಮಿಸುವುದು ಅತಿಯಾದೀತು. ಹಂಚಿಯ ಕಥೆಗೂ ಕೊನೆಗೆ ಮದುವೆಯೇ ದಡ. ಜನಪದ ಕಥನಗೀತೆಯಲ್ಲಿ ಕೆರೆಗೆ ಬಲಿಯಾದ ಸೊಸೆ ಭಾಗೀರಥಿಗಂತೂ ದಡವೂ ಇಲ್ಲ. ಆಧುನಿಕ ಲೇಖಕರ ಅಗತ್ಯ ಬಿದ್ದದ್ದು ಈ ಘಟ್ಟದಲ್ಲಿ. ರಾಮಾನುಜನ್ ಹೇಳಿದ ಜನಪದ ಕಥೆಗಳನ್ನು ಆಧರಿಸಿ ಕಾರ್ನಾಡರು 1988ರಲ್ಲಿ ರಚಿಸಿದ ‘ನಾಗಮಂಡಲ’ದಲ್ಲಿ ಹಾವು ಹಿಡಿದು ಪ್ರಮಾಣ ಮಾಡಿದ ರಾಣಿ ಎಂಬ ಗೃಹಿಣಿಯನ್ನು ಊರೇ ದೇವಿಯೆಂದು ಪೂಜಿಸುತ್ತದೆ. ಅವಳನ್ನು ಮನೆಯೊಳಗಿಟ್ಟು ಬೀಗ ಹಾಕಿ ಹೋಗುತ್ತಿದ್ದ ಗಂಡನನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ನಾಟಕದ ನಿಜವಾದ ಮೊನಚು ಆ ಮೌನದಲ್ಲಿದೆ. ವೈದೇಹಿಯವರು ಶಕುಂತಲೆಯನ್ನು ಕಾಳಿದಾಸನ ತಪೋವನದಿಂದ ಕರೆತಂದು, ಒಂದು ಅಪರಾಹ್ನದ ಮಾತುಕತೆಯಲ್ಲಿ ಅವಳ ಕಥೆಯನ್ನು ಅವಳಿಂದಲೇ ಹೇಳಿಸಿದರು. ದು. ಸರಸ್ವತಿಯವರ ‘ಸಣ್ತಿಮ್ಮಿ ರಾಮಾಯಣ’ ಹಳ್ಳಿಯ ಹೆಣ್ಣಿನ ಆಡುಮಾತಿನಲ್ಲಿ, ನಗುನಗುತ್ತಲೇ ಮಹಾಕಾವ್ಯದ ನೆರಿಗೆಗಳನ್ನು ಬಿಡಿಸಿತು. ನಮ್ಮ ಮಟ್ಟಿಗೆ ಮೂರರಲ್ಲಿ ಅತ್ಯಂತ ನಿರ್ಭಿಡೆಯದು ಇದೇ.

ಕೋಲಾರ ಸೀಮೆ ಈ ಪರಂಪರೆಗೆ ಇನ್ನೂ ಮೊದಲೇ ತನ್ನ ಕಾಣಿಕೆ ಸಲ್ಲಿಸಿತ್ತು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬುದ್ಧನ ಮಹಾಭಿನಿಷ್ಕ್ರಮಣವನ್ನು ಬದಿಗಿಟ್ಟು, ಅರಮನೆಯಲ್ಲಿ ಉಳಿದವಳ ಹೆಸರನ್ನೇ ಶಿರೋನಾಮೆಯಾಗಿಸಿ ‘ಯಶೋಧರಾ’ ನಾಟಕ ಬರೆದರು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು ‘ಶ್ರೀರಾಮ ಪರೀಕ್ಷಣಂ’ ಕೃತಿಯಲ್ಲಿ ಸಾಕ್ಷಾತ್ ರಾಮನನ್ನೇ ಪ್ರಶ್ನೆಗಳ ಮುಂದೆ ನಿಲ್ಲಿಸಿದರು. ಇಬ್ಬರೂ ಸಂಪ್ರದಾಯನಿಷ್ಠರು; ಸ್ತ್ರೀವಾದವೆಂಬ ಪಟ್ಟ ಕಟ್ಟಿದ್ದರೆ ಬಹುಶಃ ನಸುನಕ್ಕು ಸುಮ್ಮನಾಗುತ್ತಿದ್ದರು. ಆದರೂ ಆವನಿಯ ನೆರಳು ಬಿದ್ದ ನೆಲದ ಮಕ್ಕಳು ಇಂಥ ಪ್ರಶ್ನೆಗಳನ್ನು ಎತ್ತಿದರೆಂಬುದು ಮುದ ನೀಡುವ ಸಂಗತಿ.

ಇಂದು ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿ ಬೆಳೆಸಿದ ಆದಿಮ ಸಾಂಸ್ಕೃತಿಕ ಕೇಂದ್ರ, ‘ಹುಣ್ಣಿಮೆ ಹಾಡು’ ಎಂಬ ಬೆಳದಿಂಗಳ ಕಾರ್ಯಕ್ರಮದ ಮೂಲಕ ಹಾಡು, ನಾಟಕಗಳಿಗೆ ತೆರೆದ ಅಂಗಳ ಒದಗಿಸಿದೆ. ಆವನಿಯ ಬೆಟ್ಟವನ್ನು ಸಂತಾನದ ಹರಕೆ ಹೊತ್ತ ಹೆಂಗಸರು ಈಗಲೂ ಏರುತ್ತಾರೆ. ಆದರೆ ಒಂದೇ ಮನೆಯಲ್ಲಿ ಕನ್ನಡ, ತೆಲುಗು ಎರಡೂ ಉಲಿಯುವ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಅಜ್ಜಿಯರ ಬಾಯಲ್ಲಿರುವ ಸೀತೆಯ ಕಥೆಗಳು ಶ್ರದ್ಧೆಯ ಸಂಗ್ರಾಹಕರಿಗಾಗಿ ಕಾದಿವೆ. ಮುಂದಿನ ರಜೆಗೆ ಮಕ್ಕಳೊಡನೆ ಆವನಿ ಏರುವ ಕುಟುಂಬಗಳು ಮೊಬೈಲಿನಲ್ಲಿ ಬಂಡೆಗಳ ಚಿತ್ರದ ಜೊತೆಗೆ ಊರಿನ ಒಬ್ಬ ಅಜ್ಜಿಯ ಕಥೆಯನ್ನೂ ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಲಿ. ಹೇಳಿದವರ ಹೆಸರು, ಊರು, ದಿನಾಂಕ ಬರೆದಿಡಲು ಮರೆಯದಿರಲಿ.