ಒಂದೂ ಮೊಕದ್ದಮೆಯಿಲ್ಲದೆ ಗೆದ್ದ ಕಾನೂನು

ಮಕ್ಕಳ ಪುಸ್ತಕವೊಂದು ಒಂದು ದೇಶದ ಶಾಸನಕ್ಕೆ ನೆಪವಾಗುವುದು ಅಪರೂಪ. ಬ್ರಿಟನ್‌ನಲ್ಲಿ ಹಾಗಾಯಿತು. ಡೆನ್ಮಾರ್ಕ್‌ನ ಲೇಖಕಿ ಸುಸಾನೆ ಬೋಷೆ ಅವರ ‘ಜೆನ್ನಿ ಲಿವ್ಸ್ ವಿತ್ ಎರಿಕ್ ಅಂಡ್ ಮಾರ್ಟಿನ್’ 1983ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಐದು ವರ್ಷದ ಜೆನ್ನಿ ತನ್ನ ತಂದೆ ಹಾಗೂ ಆತನ ಸಂಗಾತಿಯೊಡನೆ ವಾಸಿಸುತ್ತಾಳೆ. ಬಟ್ಟೆ ಒಗೆಯುವುದು, ಹುಟ್ಟುಹಬ್ಬದ ಸಿದ್ಧತೆ, ಬೀದಿಯಲ್ಲಿ ಹೆಂಗಸೊಬ್ಬಳ ಕಟುನುಡಿ, ಕಥೆ ಇಷ್ಟೆ. ಇದರ ಪ್ರತಿ ಲಂಡನ್ನಿನ ಶಿಕ್ಷಣ ಪ್ರಾಧಿಕಾರದ ಸಂಗ್ರಹದಲ್ಲಿದೆಯೆಂಬ ಸುದ್ದಿ 1986ರಲ್ಲಿ ದೊಡ್ಡ ವಿವಾದವಾಯಿತು. ಸ್ಥಳೀಯ ಸಂಸ್ಥೆಗಳು ಸಲಿಂಗಕಾಮವನ್ನು ‘ಉತ್ತೇಜಿಸ’ಕೂಡದೆಂಬ 28ನೇ ಸೆಕ್ಷನ್ 1988ರಲ್ಲಿ ಜಾರಿಗೆ ಬಂದಿತು.

ಈ ಸೆಕ್ಷನ್ನಿನ ಅಡಿಯಲ್ಲಿ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಆದರೂ ಅನೇಕ ಶಿಕ್ಷಕರು, ಗ್ರಂಥಪಾಲಕರು ಮೌನ ವಹಿಸಿದರು. ಸ್ಕಾಟ್ಲೆಂಡ್‌ನಲ್ಲಿ 2000ದಲ್ಲಿ, ಇಂಗ್ಲೆಂಡ್ ಹಾಗೂ ವೇಲ್ಸ್‌ಗಳಲ್ಲಿ 2003ರಲ್ಲಿ ಅದು ರದ್ದಾಗುವಷ್ಟರಲ್ಲಿ ಒಂದು ತಲೆಮಾರು ಶಾಲೆ ದಾಟಿ ಹೋಗಿತ್ತು.

ಸರ್ಕಾರಿ ಸೇವೆಯಲ್ಲಿ ಬಹುಕಾಲ ಕಳೆದ ನನಗೆ ಇದರಲ್ಲಿ ಅಚ್ಚರಿ ಕಾಣುವುದಿಲ್ಲ. ‘ಉತ್ತೇಜನ’ ಎಂದರೇನೆಂದು ಶಾಸನ ವಿವರಿಸಿರಲಿಲ್ಲ. ನಿಯಮ ಅಸ್ಪಷ್ಟವಾಗಿದ್ದಾಗ ಕೆಳಹಂತದ ಅಧಿಕಾರಿಯ ಲೆಕ್ಕಾಚಾರ ಸರಳ: ಪುಸ್ತಕ ಕೊಂಡರೆ ಮೇಲಿನವರು ವಿವರಣೆ ಕೇಳಬಹುದು, ಕೊಳ್ಳದಿದ್ದರೆ ಯಾರೂ ಕೇಳುವುದಿಲ್ಲ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಈ ಎಚ್ಚರಿಕೆಯ ಲಾಭ ಅಧಿಕಾರಿಯದು, ವೆಚ್ಚ ಮಾತ್ರ ತನ್ನಂಥವರು ಪುಸ್ತಕದಲ್ಲೆಲ್ಲೂ ಇಲ್ಲವೆಂದು ತಿಳಿಯುವ ಮಗುವಿನದು.

ನಮ್ಮಲ್ಲಿ ಅಂಥ ಶಾಸನವಿರಲಿಲ್ಲ. ದಂಡಸಂಹಿತೆಯ 377ನೇ ಸೆಕ್ಷನ್ ಇತ್ತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮರುವರ್ಷವೇ ಹಿಮಾಂಜಲಿ ಶಂಕರ್ ಅವರ ಇಂಗ್ಲಿಷ್ ಕಾದಂಬರಿ ‘ಟಾಕಿಂಗ್ ಆಫ್ ಮುಸ್ಕಾನ್’ ಹದಿಹರೆಯದವರಿಗಾಗಿ ಪ್ರಕಟವಾಯಿತು. ಆತ್ಮಹತ್ಯೆಗೆ ಯತ್ನಿಸಿದ ಹುಡುಗಿಯ ಕಥೆಯನ್ನು ಅಲ್ಲಿ ಸಹಪಾಠಿಗಳು ನಿರೂಪಿಸುತ್ತಾರೆ. ಕನ್ನಡದಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’ 2013ರಲ್ಲಿ ಈ ಬದುಕನ್ನು ವಯಸ್ಕ ಓದುಗರ ಮುಂದಿಟ್ಟಿತು. ವಯಸ್ಕರ ನಡುವಿನ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ನ್ಯಾಯಾಲಯ ಸಾರಿತು. ಕಾನೂನಿನ ಅಡ್ಡಿ ಸರಿಯಿತೆಂದ ಮಾತ್ರಕ್ಕೆ ಶಾಲೆಯ ಕಪಾಟು ತಾನಾಗಿ ತುಂಬುವುದಿಲ್ಲ.

ಇಂಥ ಪುಸ್ತಕಗಳು ಎಳೆಯ ಮನಸ್ಸನ್ನು ಗೊಂದಲಕ್ಕೀಡುಮಾಡುತ್ತವೆ ಎಂಬ ಪೋಷಕರ ಆತಂಕವನ್ನು ಹಗುರವಾಗಿ ಕಾಣಬಾರದು. ವಯಸ್ಸಿಗೆ ತಕ್ಕ ಆಯ್ಕೆ ಅಗತ್ಯವೇ. ಆದರೆ ತನ್ನ ಮಗು ಏನು ಓದಬೇಕೆಂದು ಯೋಚಿಸುವ ಪೋಷಕರ ಹಕ್ಕು, ನೆರೆಮನೆಯ ಮಗು ಏನು ಓದಬಾರದೆಂದು ವಿಧಿಸುವ ಹಕ್ಕಾಗದು. ಪುಸ್ತಕ ಕಪಾಟಿನಲ್ಲಿದ್ದರೆ ಯಾರಿಗೂ ಬಲವಂತವಿಲ್ಲ. ಇಲ್ಲದಿದ್ದರೆ ಯಾರಿಗೂ ಆಯ್ಕೆಯಿಲ್ಲ.

ಆದುದರಿಂದ ಶಾಲಾ ಗ್ರಂಥಾಲಯಗಳ ಪುಸ್ತಕ ಆಯ್ಕೆಗೆ ಲಿಖಿತ ಮಾನದಂಡವಿರಲಿ. ಆರಿಸಿದ ಪುಸ್ತಕಕ್ಕೆ ಮಾತ್ರವಲ್ಲ, ತಿರಸ್ಕರಿಸಿದ್ದಕ್ಕೂ ಕಾರಣ ಕಡತದಲ್ಲಿ ದಾಖಲಾಗಲಿ. ಬೇಡವೆಂದವರೂ ಸಹಿ ಹಾಕಬೇಕಾದಾಗ ಅಂಜಿಕೆಯನ್ನು ವಿವೇಕವೆಂದು ಸಾಗಹಾಕುವುದು ಸುಲಭವಾಗದು.