ಬರುವ ಕೂಸು, ಇರುವ ಕೂಸು



ಮನೆಯಲ್ಲಿ ಒಂದೂವರೆ ವರ್ಷದ ಕೂಸು ಅಂಗಳದ ತುಂಬ ಓಡಾಡುತ್ತಿದೆ. ಅಷ್ಟರಲ್ಲಿ ಅದರ ತಾಯಿ ಮತ್ತೆ ಬಸುರಿ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಹಳ್ಳಿಗಳಲ್ಲಿ ಇದು ಹೊಸ ಸಂಗತಿಯಲ್ಲ. ಸುದ್ದಿ ತಿಳಿದ ದಿನದಿಂದ ಅತ್ತೆ, ನಾದಿನಿ, ಆಶಾತಾಯಿ ಎಲ್ಲರೂ ಹೊಟ್ಟೆಯೊಳಗಿನ ಕೂಸಿನ ವಿಚಾರ ಮಾಡುತ್ತಾರೆ. ಮಾಡಬೇಕಾದದ್ದೇ. ಆದರೆ ಅಂಗಳದಲ್ಲಿರುವ ಕೂಸಿಗೆ “ನೀ ಇನ್ನ ದೊಡ್ಡಾಂವ ಆದಿ” ಎಂಬ ಮಾತೊಂದೇ ಸಿಗುತ್ತದೆ. ಈ ಒಂಬತ್ತು ತಿಂಗಳಲ್ಲಿ ಮನೆಯವರ ನಿಗಾ ತಪ್ಪುವುದು ಇರುವ ಕೂಸಿನ ಮೇಲಿಂದ. ಇಂದಿನ ಮಾತು ಅದರ ಬಗ್ಗೆ.

ಈ ಸಂಗತಿ ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ಜಮೈಕಾದಲ್ಲಿ ಹುಟ್ಟಿದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಇಂದಿನ ಘಾನಾ ದೇಶದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಕಾಲು ಬಾತು, ಚರ್ಮ ಸುಲಿದು, ಕೂದಲು ಬಣ್ಣಗೆಡುವ ಬೇನೆ ಬರುವುದನ್ನು ಕಂಡರು. ಅಲ್ಲಿನ ಹೆಂಗಸರು ಅದಕ್ಕೆ ತಮ್ಮ ಭಾಷೆಯಲ್ಲಿ ‘ಕ್ವಾಶಿಯೊರ್ಕರ್’ ಅನ್ನುತ್ತಿದ್ದರು. ಮುಂದಿನ ಕೂಸು ಬಂದಾಗ ಹಿಂದಿನ ಕೂಸಿಗೆ ತಗಲುವ ಬೇನೆ ಎಂದು ಅದರ ಅರ್ಥ. 1935ರಲ್ಲಿ ಈಕೆ ‘ಲಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದೇ ಹೆಸರಿನಿಂದ ಬರೆದರು. ಜಗತ್ತಿನ ವೈದ್ಯರೆಲ್ಲ ಇಂದಿಗೂ ಅದನ್ನೇ ಬಳಸುತ್ತಾರೆ. ಮೊಲೆಹಾಲು ತಪ್ಪಿ, ಬರೀ ಮೆಕ್ಕೆಜೋಳದ ಗಂಜಿಯ ಮೇಲೆ ಉಳಿದ ಮಕ್ಕಳಿಗೆ ಆ ಬೇನೆ ಬರುತ್ತಿತ್ತು. ಅದಕ್ಕೆ ಪ್ರೋಟೀನಿನ ಕೊರತೆ ಒಂದೇ ಕಾರಣವಲ್ಲ ಎಂದು ಆಮೇಲೆ ತಿಳಿದಿದೆಯಾದರೂ ಆ ಹೆಂಗಸರು ಕಂಡುಕೊಂಡದ್ದು ಸುಳ್ಳಲ್ಲ. ತಮ್ಮ ತಂಗಿ ಬರುವ ಹೊತ್ತಿಗೆ ಮೊದಲ ಕೂಸಿನ ಊಟ ಕೆಡುತ್ತದೆ.

ನಮ್ಮಲ್ಲಿ ಅದು ಹೇಗೆ ಕೆಡುತ್ತದೆ? “ಬಸುರಿ ಹಾಲು ಕೆಟ್ಟದ್ದು, ಕೂಸು ಸೊರಗ್ತದ” ಎಂದು ಹಿರಿಯರು ಹೇಳುತ್ತಾರೆ. ಮರುದಿನವೇ ಎದೆಗೆ ಬೇವಿನ ರಸ ಹಚ್ಚಿ ಕೂಸನ್ನು ದೂರ ಮಾಡುತ್ತಾರೆ. ಹಾಲು ಕೆಡುವುದಿಲ್ಲ. ತಿಂಗಳು ತುಂಬುತ್ತ ಹೋದಂತೆ ಹಾಲು ಕಡಿಮೆಯಾಗುತ್ತದೆ, ರುಚಿಯೂ ಬದಲಾಗುತ್ತದೆ, ಅಷ್ಟೆ. ಎಷ್ಟೋ ಕೂಸುಗಳು ಆಗ ತಾವಾಗಿಯೇ ಬಿಡುತ್ತವೆ. ತಾಯಿ ಆರೋಗ್ಯವಾಗಿದ್ದರೆ ಬಸುರಿನಲ್ಲೂ ಕುಡಿಸಲು ಅಡ್ಡಿಯಿಲ್ಲ. ರಕ್ತ ಕಂಡಿದ್ದರೆ, ಹೊಟ್ಟೆನೋವಿದ್ದರೆ, ಹಿಂದೆ ದಿನ ತುಂಬುವ ಮೊದಲೇ ಹೆರಿಗೆ ಆಗಿದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಸಬೇಕು. ಹೊಸ ಕೂಸು ಹುಟ್ಟಿದ ಮೇಲೆ ಮೊದಲ ಹಕ್ಕು ಅದರದು, ಗಿಣ್ಣದಂಥ ಮೊದಲ ಹಾಲಂತೂ ಅದಕ್ಕೇ ಸಿಗಬೇಕು.

ಮೊಲೆ ಬಿಡಿಸಲೇಬೇಕಾದರೆ ಮೆಲ್ಲಗೆ ಬಿಡಿಸಬೇಕು. ಮರಾಠಿಯಲ್ಲಿ ಇದಕ್ಕೆ ‘ದೂಧ ತೋಡಣೆ’ ಅನ್ನುತ್ತಾರೆ, ನಾವು ‘ಹಾಲು ಬಿಡಿಸುವುದು’ ಅನ್ನುತ್ತೇವೆ. ಎರಡೂ ನಮ್ಮ ಮಾತೇ ಆದರೂ ಇಲ್ಲಿ ಕನ್ನಡದ್ದು ಸರಿ. ತೋಡಬಾರದು, ಬಿಡಿಸಬೇಕು. ಮೊದಲು ಹಗಲಿನದೊಂದು ಹೊತ್ತು, ವಾರದ ಮೇಲೆ ಇನ್ನೊಂದು, ರಾತ್ರಿಯದು ಕಡೆಗೆ. ತಪ್ಪಿದ ಪ್ರತಿ ಹೊತ್ತಿಗೂ ಒಂದು ಊಟ ಸೇರಬೇಕು. ಈ ವಯಸ್ಸಿನ ಕೂಸಿಗೆ ದಿನಕ್ಕೆ ಐದು ಸಲವಾದರೂ ಉಣಿಸಬೇಕು. ಹಾಲಿನಲ್ಲಿ ಕಿವುಚಿದ ರೊಟ್ಟಿ, ತುಪ್ಪ ಬಿಟ್ಟ ಗಟ್ಟಿ ತೊಗರಿಬೇಳೆ ಮತ್ತು ಅನ್ನ, ತಿನ್ನುವ ಮನೆಯಲ್ಲಿ ಒಂದು ತತ್ತಿ, ನುಣ್ಣಗೆ ಕುಟ್ಟಿದ ಶೇಂಗಾಪುಡಿ. ಇಡೀ ಶೇಂಗಾ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಚಹದಲ್ಲಿ ಅದ್ದಿದ ಬಿಸ್ಕೀಟು ಊಟವಲ್ಲ.

ಅಂಗನವಾಡಿಯಿಂದ ಮೂರು ವರ್ಷದೊಳಗಿನ ಕೂಸಿಗೆ ಒಂದು ಪಾಲು, ಬಸುರಿಗೆ ಬೇರೆ ಪಾಲು ಮನೆಗೆ ಬರುತ್ತದೆ. ಎರಡನ್ನೂ ಒಂದೇ ಡಬ್ಬಿಗೆ ಸುರಿದು ಮನೆಮಂದಿಯೆಲ್ಲ ತಿಂದರೆ ಇಬ್ಬರಿಗೂ ಮುಟ್ಟುವುದಿಲ್ಲ. ಅಲ್ಲಿಯೇ ಕೂಸಿನ ರಟ್ಟೆ ಅಳೆಯುವ ಪಟ್ಟಿಯೂ ಇರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಕೂಸಿನ ರಟ್ಟೆಯ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಎಚ್ಚರ, 11.5ಕ್ಕಿಂತ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆ. ಎರಡೂ ಪಾದ ಬಾತಿದ್ದು, ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೆಯೇ ಉಳಿದರೂ ಆಸ್ಪತ್ರೆಯೇ. “ಕೂಸು ದುಂಡಗಾಗ್ಯಾದ” ಎಂದು ಸಂತೋಷಪಡಬಾರದು.

ಇನ್ನೊಂದು ಅಪಾಯ ಔಷಧದ ರೂಪದಲ್ಲಿಯೇ ಮನೆಯೊಳಗೆ ಬರುತ್ತದೆ. ಬಸುರಿಗೆ ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಮೇಲೆ ಮತ್ತೆ 180 ದಿನ ಕಬ್ಬಿಣಾಂಶದ ಗುಳಿಗೆ ಕೊಡುತ್ತಾರೆ. ತಪ್ಪದೆ ನುಂಗಬೇಕು. ಚಹದ ಜೊತೆಗೂ ಬೇಡ, ಕ್ಯಾಲ್ಸಿಯಂ ಗುಳಿಗೆಯ ಜೊತೆಗೂ ಬೇಡ. ಆದರೆ ಆ ಗುಳಿಗೆ ಕೆಂಪಗೆ, ಸಕ್ಕರೆ ಲೇಪಿಸಿದ್ದು, ಕೂಸಿನ ಕಣ್ಣಿಗೆ ಥೇಟ್ ಪೆಪ್ಪರಮಿಂಟು. ತಾಯಿಯ ರಕ್ತ ಹೆಚ್ಚಿಸುವ ಅದೇ ಗುಳಿಗೆ ನಾಲ್ಕಾರು ಒಮ್ಮೆಲೇ ಹೊಟ್ಟೆಗೆ ಹೋದರೆ ಕೂಸಿಗೆ ವಿಷವಾಗುತ್ತದೆ, ಜೀವಕ್ಕೇ ಬರಬಹುದು. ಮೊದಲು ವಾಂತಿ ಭೇದಿ ಆಗಿ, ನಡುವೆ ಕೆಲವು ತಾಸು ಆರಾಮಾದಂತೆ ಕಂಡು, ಆಮೇಲೆ ಪರಿಸ್ಥಿತಿ ಬಿಗಡಾಯಿಸುವುದುಂಟು. ಆದ್ದರಿಂದ ನುಂಗಿದ ಸಂಶಯ ಬಂದರೂ ಸಾಕು, ಪಾಕೀಟನ್ನು ಕೈಯಲ್ಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿರಿ. ಗುಳಿಗೆಯನ್ನು ದಿಂಬಿನ ಕೆಳಗೆ, ಕಿಟಕಿಯಲ್ಲಿ ಇಡದೆ, ಕೂಸಿನ ಕೈಗೆ ಸಿಗದ ಎತ್ತರದಲ್ಲಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿರಿ.

ಇನ್ನು ಕಾಗದಪತ್ರದ ಮಾತು. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯದ ಗೆರೆ ಬದಲಾದರೂ ಬೀಗತನ ಬದಲಾಗಲಿಲ್ಲ. ಇಂದಿಗೂ ಸೊಸೆಯ ತವರು ಭಾಲ್ಕಿ, ಔರಾದ, ಬಸವಕಲ್ಯಾಣ, ಆಳಂದದ ಕಡೆ ಇರುವುದುಂಟು. ಬಾಣಂತನಕ್ಕೆ ತವರಿಗೆ ಹೋಗುವಾಗ ಮೊದಲ ಕೂಸೂ ಜೊತೆಗೆ ಹೋಗುತ್ತದೆ. ಆದರೆ ಅದರ ಕಾರ್ಡು ಇಲ್ಲಿಯೇ ಟ್ರಂಕಿನಲ್ಲಿ ಉಳಿಯುತ್ತದೆ. 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾದ ಎರಡನೆಯ ಲಸಿಕೆ, ಡಿ.ಪಿ.ಟಿ. ಬೂಸ್ಟರ್, ಪೋಲಿಯೋ ಬೂಸ್ಟರ್ ಬೀಳಬೇಕು. ‘ಎ’ ಜೀವಸತ್ವದ ಔಷಧ ಆರು ತಿಂಗಳಿಗೊಮ್ಮೆ. ತವರಿನ ವಾಸದಲ್ಲಿ ತಪ್ಪುವುದು ಇವೇ. ಲಸಿಕೆಗೆ ರಾಜ್ಯದ ಗಡಿ ಇಲ್ಲ. ಅಲ್ಲಿನ ಅಂಗನವಾಡಿಯಲ್ಲಿ ಕಾರ್ಡು ತೋರಿಸಿದರೆ ಹಾಕುತ್ತಾರೆ.

ನಮ್ಮ ಕಡೆ ಅದು ‘ಮಾತಾ-ಬಾಲ ಸಂರಕ್ಷಣ ಕಾರ್ಡ್’, ಕರ್ನಾಟಕದಲ್ಲಿ ‘ತಾಯಿ ಕಾರ್ಡ್’. ಮರಾಠಿ ಶಾಲೆ ಕಲಿತ ಅಳಿಯಂದಿರು ಅದನ್ನು ಅಕ್ಕನ ಕಾರ್ಡು ಎಂದು ತಿಳಿಯದಿದ್ದರೆ ಸಾಕು! ಮೊದಲ ಬಸುರಿನ ಹಳೆಯ ಕಾರ್ಡನ್ನೂ ಒಗೆಯಬೇಡಿರಿ. ಆಗ ಎರಡು ಟಿ.ಡಿ. ಚುಚ್ಚುಮದ್ದು ಆಗಿದ್ದು, ಮೂರು ವರ್ಷದೊಳಗೆ ಮತ್ತೆ ಬಸುರಾದರೆ ಈ ಸಲ ಒಂದೇ ಬೂಸ್ಟರ್ ಸಾಕು. ಅದಕ್ಕೆ ಪುರಾವೆ ಆ ಕಾರ್ಡೇ. ಪ್ರತಿ ತಿಂಗಳ 9ನೇ ತಾರೀಖಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆಯ ಯೋಜನೆ 2016ರಲ್ಲಿ ಆರಂಭವಾಯಿತು. ಆ ದಿನ ಗಂಡನೋ ಅಜ್ಜಿಯೋ ಜೊತೆಗೆ ಹೋದರೆ, ಮೊದಲ ಕೂಸನ್ನು ಎತ್ತಿಕೊಂಡು ಸರದಿಯಲ್ಲಿ ನಿಲ್ಲುವುದು ತಾಯಿಗೆ ತಪ್ಪುತ್ತದೆ.

ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಕೂಸಿಗೆ 5000 ರೂಪಾಯಿ ಸಿಗುತ್ತದೆ. ಎರಡನೆಯದು ಹೆಣ್ಣಾದರೆ 6000 ರೂಪಾಯಿ. ಈ ಎರಡನೆಯ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ಬಸುರಿದ್ದಾಗಲೇ ಹೆಸರು ನೋಂದಾಯಿಸಿರಬೇಕು. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಒಂದು ತೊಡಕು ಚೆನ್ನಾಗಿ ಗೊತ್ತು: ಆಧಾರ್ ಕಾರ್ಡಿನಲ್ಲಿ ತವರಿನ ಹೆಸರು, ಪಾಸ್‌ಬುಕ್ಕಿನಲ್ಲಿ ಗಂಡನ ಮನೆಯ ಹೆಸರು. ಎರಡೂ ಒಂದೇ ಆಗುವಂತೆ ಐದಾರು ತಿಂಗಳಿರುವಾಗಲೇ ತಿದ್ದಿಸಿಕೊಳ್ಳಿರಿ. ದಿನ ತುಂಬಿದ ಹೆಣ್ಣುಮಗಳು ಸರದಿಯಲ್ಲಿ ನಿಲ್ಲುವಂತಾಗಬಾರದು.

ಕಡೆಯದಾಗಿ ಕೂಸಿನ ಮನಸ್ಸಿನ ಮಾತು. “ನಿಮ್ಮವ್ವ ಇನ್ನ ನಿನಗ ಎತ್ಕೊಳ್ಳಂಗಿಲ್ಲ” ಎಂದು ಕಾಡಿಸಿ ನಗುವ ನೆರೆಹೊರೆಯವರು ಎಲ್ಲ ಓಣಿಯಲ್ಲೂ ಇದ್ದಾರೆ. ದೊಡ್ಡವರಿಗೆ ಅದು ಚೇಷ್ಟೆ, ಕೂಸಿಗೆ ಅದು ನಿಜ. ಬಿಟ್ಟ ಚಡ್ಡಿ ಒದ್ದೆ ಮಾಡುವುದು ಮತ್ತೆ ಶುರುವಾಗುತ್ತದೆ, ಹಟ ಏರುತ್ತದೆ. ಆಗ ಹೊಡೆದರೆ ಹಟ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಕೂಸು ಅಜ್ಜಿಯ ಮಗ್ಗುಲಲ್ಲಿ ಮಲಗಬೇಕಾಗುವುದಿದ್ದರೆ ಎರಡು ತಿಂಗಳು ಮೊದಲೇ ಕಥೆ ಹೇಳುತ್ತ ರೂಢಿ ಮಾಡಿಸಿರಿ. ಹೆರಿಗೆಯ ರಾತ್ರಿಯೇ ಒಯ್ದು ಮಲಗಿಸಿದರೆ, ಹೊಸ ಕೂಸು ತನ್ನನ್ನು ಹೊರಗೆ ಹಾಕಿತೆಂದೇ ಅದು ತಿಳಿಯುತ್ತದೆ. ತಾಯಿ ಕುಳಿತಲ್ಲಿಯೇ ಕೂಸು ತೊಡೆಯೇರಲಿ. ನೀರಿನ ಕೊಡ ಹೊರುವುದನ್ನು ಗಂಡ ಹಿಡಿದರೆ ಆ ತೊಡೆಗೆ ಅಷ್ಟು ಬಿಡುವು ಸಿಗುತ್ತದೆ. ಕೂಸಿಗೆ ಸ್ನಾನ ಮಾಡಿಸುವ, ಉಣಿಸುವ ಕೆಲಸವನ್ನೂ ತಂದೆ ಈಗಲೇ ಕಲಿತರೆ ಬಾಣಂತನದಲ್ಲಿ ಮನೆ ನಡೆಯುತ್ತದೆ.

ಹೆತ್ತ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿಯ ಮೈಯಲ್ಲಿ ಖರ್ಚಾದದ್ದು ಮತ್ತೆ ಜಮೆಯಾಗಲು ಅಷ್ಟು ಕಾಲ ಬೇಕು. ಈಗಾಗಲೇ ಬಸುರಾದವರನ್ನು ಬೈಯಲು ಈ ಮಾತಲ್ಲ, ಮುಂದಿನ ಲೆಕ್ಕಕ್ಕೆ ಇರಲಿ. ಈಗಿನ ಲೆಕ್ಕ ಇಷ್ಟೇ: ಆಶಾತಾಯಿ ಬಸುರಿಯನ್ನು ನೋಡಲು ಮನೆಗೆ ಬಂದಾಗ, “ಈ ಕೂಸಿನ ರಟ್ಟೀನೂ ಅಳೀರಿ, ಇದರ ಕಾರ್ಡೂ ನೋಡ್ರಿ” ಎಂದು ಮನೆಯವರು ಕೇಳಬೇಕು. ಮರಾಠಿಯಲ್ಲಿ ಕೇಳಿದರೂ ಆದೀತು.