ಅಕ್ಷರಗಳ ಆಟಕ್ಕೂ ಬೇಕು ಅಂಕೆ

ಸುಳ್ಯದ ಸೀಮೆಯಲ್ಲಿ ಮಳೆಗಾಲದ ಇರುಳುಗಳಲ್ಲಿ ತಾಳಮದ್ದಳೆಯ ಕೂಟಗಳು ನಡೆಯುವುದುಂಟು. ಅಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಮದ್ದಳೆಯ ನಾದ, ಅರ್ಥಧಾರಿಗಳ ಮಾತು ಇಷ್ಟೇ ಇರುತ್ತವೆ. ಆದರೂ ಕೇಳುವವರ ಕಣ್ಣೆದುರು ಕುರುಕ್ಷೇತ್ರವೇ ಬಂದು ನಿಲ್ಲುತ್ತದೆ. ಬರಿಯ ಮಾತಿನಿಂದ ಒಂದು ಲೋಕವನ್ನು ಕಟ್ಟಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಗಣಕಯಂತ್ರದಲ್ಲಿಯೂ ಇಂತಹ ಮಾತಿನ ಲೋಕಗಳುಂಟು ಎಂಬುದು ನಮ್ಮಲ್ಲಿ ಅನೇಕ ಮನೆಯವರಿಗೆ ತಿಳಿಯದು. ನನಗೂ ಅದು ತಿಳಿದದ್ದು ಕಳೆದ ಮಳೆಗಾಲದಲ್ಲಿ, ಸುಳ್ಯದಲ್ಲಿ ನೆಲೆಸಿರುವ ಬಂಧುಗಳ ಮನೆಗೆ ಹೋಗಿದ್ದಾಗ.

ಆ ಮನೆಯ ಯಜಮಾನರು ಬಾಗಲಕೋಟೆಯ ಕಡೆಯಿಂದ ವರ್ಗವಾಗಿ ಬಂದ ಶಿಕ್ಷಕರು. ಮಗ ಎಂಜಿನಿಯರಿಂಗ್ ವಿದ್ಯಾರ್ಥಿ, ಮಗಳು ಒಂಬತ್ತನೆಯ ತರಗತಿಯವಳು. ಸಂಜೆಯ ಇಷ್ಟಲಿಂಗ ಪೂಜೆ ಮುಗಿದು ಪ್ರಸಾದವಾದ ಬಳಿಕ ಮಗಳು ಕಂಪ್ಯೂಟರಿನ ಮುಂದೆ ಕುಳಿತಳು. ತೆರೆಯ ಮೇಲೆ ಒಂದೇ ಒಂದು ಚಿತ್ರವಿರಲಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಇಂಗ್ಲಿಷಿನ ಸಾಲುಗಳು ಹರಿಯುತ್ತಿದ್ದವು. "ಓದಾಕತ್ತಾಳ" ಎಂದು ತಾಯಿ ನೆಮ್ಮದಿಯಿಂದ ಇದ್ದರು. ಅರ್ಧ ಗಂಟೆಯಲ್ಲಿ ಹುಡುಗಿ ತಟ್ಟನೆ ಯಂತ್ರವನ್ನು ಆರಿಸಿ ಮುಖ ತಿರುಗಿಸಿದಳು. ಕಣ್ಣು ತುಂಬಿತ್ತು.

"ಏನಾತ ತಂಗಿ?" ಎಂದು ಅಣ್ಣ ಕೇಳಿದನು.

"ಯಾರೋ ಒಬ್ಬಾಂವ ಹೊಲಸು ಹೊಲಸು ಮಾತು ಬರೀತಾನ ಅಣ್ಣಾ. ಹದಿನೈದು ದಿನಾ ಆತು. ಹೇಳಿದ್ರ ಅವ್ವ ಕಂಪ್ಯೂಟರ್ ಬಂದ್ ಮಾಡಿಸ್ತಾಳಂತ ಸುಮ್ಮನಿದ್ದೆ."

ಮಗಳು ಓದುತ್ತಿದ್ದಾಳೆಂದು ತಿಳಿದಿದ್ದ ತಾಯಿಗೆ ಮಾತೇ ಹೊರಡಲಿಲ್ಲ. ಅಣ್ಣನು ಗದರಲಿಲ್ಲ. ಕುರ್ಚಿಯನ್ನು ಎಳೆದುಕೊಂಡು ಪಕ್ಕದಲ್ಲಿ ಕುಳಿತನು. ಆಟವನ್ನು ಮತ್ತೆ ತೆರೆಸಿ, ಒಂದೇ ಪದವನ್ನು ಟೈಪು ಮಾಡಿಸಿದನು. ಆ ಆಟದಲ್ಲಿ ಆಟಗಾರನು ತನಗಾಗಿ ಮಾಡಿಕೊಳ್ಳಬಹುದಾದ ಎಲ್ಲ ಸೆಟ್ಟಿಂಗುಗಳ ಪಟ್ಟಿ ತೆರೆಯ ಮೇಲೆ ಮೂಡಿತು. ಮಗಳು ತಿಂಗಳುಗಳಿಂದ ಆಡುತ್ತಿದ್ದರೂ ಆ ಪಟ್ಟಿಯನ್ನು ಒಮ್ಮೆಯೂ ನೋಡಿರಲಿಲ್ಲ. ಆ ರಾತ್ರಿ ನಾವೆಲ್ಲರೂ ಕುಳಿತು ಕಲಿತದ್ದನ್ನು ನಮ್ಮ ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಇದು ಎಂತಹ ಆಟ?

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಷಾ ಎಂಬುವರು ಅಲ್ಲಿನ ದೊಡ್ಡ ಗಣಕಯಂತ್ರದಲ್ಲಿ 'ಮಡ್' ಎಂಬ ಆಟವನ್ನು ಆರಂಭಿಸಿದರು. ಮುಂದೆ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. ಆಟದಲ್ಲಿ ಚಿತ್ರಗಳಿಲ್ಲ. 'ನೀನು ಕಾಡಿನ ಅಂಚಿನಲ್ಲಿ ನಿಂತಿರುವೆ, ಉತ್ತರಕ್ಕೆ ಒಂದು ಕಾಲುದಾರಿ ಇದೆ' ಎಂಬಂತೆ ಯಂತ್ರವು ಸ್ಥಳವನ್ನು ವರ್ಣಿಸುತ್ತದೆ. ಆಟಗಾರನು 'ಉತ್ತರ' ಎಂದು ಬರೆದರೆ ಮುಂದಿನ ಸ್ಥಳದ ವರ್ಣನೆ ಬರುತ್ತದೆ. ಅದೇ ಹೊತ್ತಿಗೆ ಬೇರೆ ಬೇರೆ ಊರುಗಳಿಂದ ಆಡುತ್ತಿರುವ ಇತರರೂ ಅಲ್ಲಿ ಎದುರಾಗುತ್ತಾರೆ, ಮಾತನಾಡುತ್ತಾರೆ, ಜೊತೆಗೂಡಿ ಸಾಹಸ ಮಾಡುತ್ತಾರೆ.

1989ರಲ್ಲಿ ಸ್ವೀಡನ್ನಿನ ಲಾರ್ಸ್ ಪೆನ್ಶೋ ಅವರ 'ಎಲ್‌ಪಿಮಡ್', 1991ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ 'ಡಿಕುಮಡ್' ಹೊರಬಂದವು. ಇವುಗಳಿಂದ ನೂರಾರು ಆಟಗಳು ಕವಲೊಡೆದವು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಅಂದರೆ ನಾವು ಆ ಬಾಗಿಲನ್ನು ತೆರೆಯುವ ಮೊದಲೇ ಈ ಲೋಕಗಳು ಒಳಗೆ ಜನರಿಂದ ತುಂಬಿದ್ದವು. ಇಂದಿಗೂ ಇವುಗಳಲ್ಲಿ ಹಲವು ಜೀವಂತವಾಗಿವೆ. ಅಕ್ಷರಗಳಷ್ಟೇ ಹರಿಯುವುದರಿಂದ, ಗುಡ್ಡಗಳ ನಡುವೆ ಸಿಗ್ನಲ್ ಸೊರಗುವ ಊರುಗಳಲ್ಲಿಯೂ ಇವು ನಡೆಯುತ್ತವೆ.

ಯಕ್ಷಗಾನದಲ್ಲಿ ವೇಷಧಾರಿಯು ರಂಗಸ್ಥಳಕ್ಕೆ ಬರುವ ಮುನ್ನ ಚೌಕಿಯಲ್ಲಿ ಸಿದ್ಧನಾಗುತ್ತಾನೆ. ಸೆಟ್ಟಿಂಗ್ ಎಂದರೆ ಈ ಆಟದ ಚೌಕಿ. ಅಲ್ಲಿ ಕೂರದೆ ನೇರವಾಗಿ ರಂಗಕ್ಕೆ ನುಗ್ಗಿದವರೇ ಹೆಚ್ಚಾಗಿ ನೋವನ್ನು ಅನುಭವಿಸುತ್ತಾರೆ.

ಹೆಸರು ಮತ್ತು ಗುಪ್ತಪದ

ಆಟವು ಮೊದಲು ಕೇಳುವುದು ಹೆಸರನ್ನು. ಇಲ್ಲಿ ಮಕ್ಕಳು ನಿಜವಾದ ಹೆಸರು, ಶಾಲೆ, ಊರು, ಹುಟ್ಟಿದ ವರ್ಷಗಳನ್ನು ಕೊಡಬಾರದು. ಪಾತ್ರಕ್ಕೆ ಬೇರೆಯ ಹೆಸರಿರಲಿ. ಪಾತ್ರದ ವಿವರಣೆಯನ್ನು ಬರೆಯುವಲ್ಲಿಯೂ ಮನೆಯ ಗುರುತು ಸಿಗುವ ಮಾತು ಬೇಡ.

ಆದರೆ ಬೇರೆ ಹೆಸರನ್ನು ತೊಟ್ಟ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ. ನಮ್ಮ ಶರಣರು ತಮ್ಮ ಹೆಸರನ್ನು ಮುಂದಿಡದೆ ಇಷ್ಟದೈವದ ಅಂಕಿತದಲ್ಲಿ ನುಡಿದರು. ಅಂಕಿತವಿದ್ದುದರಿಂದಲೇ ಆಡಿದ ನುಡಿಗೆ ತೂಕ ಬಂದಿತು. ಸುಳ್ಯದ ನೆಲದ ಕಥೆಯೂ ಇದನ್ನೇ ಹೇಳುತ್ತದೆ. 1837ರ ಅಮರಸುಳ್ಯ ದಂಗೆಯಲ್ಲಿ ಪುಟ್ಟಬಸಪ್ಪನೆಂಬ ವೀರನು ಕಲ್ಯಾಣಸ್ವಾಮಿಯ ಹೆಸರನ್ನು ತೊಟ್ಟು ಜನರನ್ನು ಒಂದುಗೂಡಿಸಿದನು, ಕೊನೆಗೆ ಆ ಹೆಸರಿನ ಬೆಲೆಯನ್ನು ಪ್ರಾಣದಿಂದಲೇ ತೆತ್ತನು. ತೊಟ್ಟ ಹೆಸರಿಗೂ ಮರ್ಯಾದೆಯುಂಟು ಎಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು. ಮುಖ ಕಾಣದೆಂದು ಬಾಯಿಗೆ ಬಂದದ್ದನ್ನು ಬರೆಯುವವನು ತನ್ನನ್ನೇ ಕಳೆದುಕೊಳ್ಳುತ್ತಾನೆ.

ಗುಪ್ತಪದದ ವಿಷಯದಲ್ಲಿ ಒಂದು ಎಚ್ಚರಿಕೆ. ಇಂತಹ ಅನೇಕ ಆಟಗಳು 'ಟೆಲ್ನೆಟ್' ಎಂಬ ಹಳೆಯ ವಿಧಾನದಿಂದ ಸಂಪರ್ಕ ಪಡೆಯುತ್ತವೆ. ಅದರಲ್ಲಿ ಗುಪ್ತಪದವು ಮರೆಮಾಚದೆ ತಂತಿಯ ಮೇಲೆ ಹೋಗುತ್ತದೆ. ಲಕೋಟೆಯಿಲ್ಲದ ಕಾರ್ಡಿನಲ್ಲಿ ಗುಟ್ಟನ್ನು ಬರೆದಂತೆ ಅದು. ಆದ್ದರಿಂದ ಬ್ಯಾಂಕಿಗೆ, ಇ-ಮೇಲಿಗೆ ಇಟ್ಟ ಗುಪ್ತಪದವನ್ನು ಇಲ್ಲಿ ಎಂದಿಗೂ ಬಳಸಬಾರದು. ಸುರಕ್ಷಿತ ಸಂಪರ್ಕದ ಆಯ್ಕೆ ಇದ್ದರೆ ಅದನ್ನೇ ಆರಿಸಿಕೊಳ್ಳಬೇಕು.

ಎಷ್ಟು ನೋಡಬೇಕು, ಎಷ್ಟು ಕೇಳಬೇಕು

'ಬ್ರೀಫ್' ಎಂಬ ಸೆಟ್ಟಿಂಗ್ ಹಾಕಿದರೆ, ಹೋದಲ್ಲೆಲ್ಲ ಉದ್ದುದ್ದ ವರ್ಣನೆ ಬಾರದೆ ಸ್ಥಳದ ಹೆಸರಷ್ಟೇ ಬರುತ್ತದೆ. ದಾರಿ ಬಲ್ಲವರಿಗೆ ಇದು ಅನುಕೂಲ. ಹೊಸಬರು ಮಾತ್ರ ಪೂರ್ಣ ವರ್ಣನೆಯನ್ನೇ ಇಟ್ಟುಕೊಳ್ಳುವುದು ಲೇಸು. ಓದಿನ ಸೊಗಸು ಇರುವುದು ಅದರಲ್ಲಿಯೇ, ಇಂಗ್ಲಿಷ್ ಭಾಷೆಯೂ ಅದರಿಂದ ಬಲಿಯುತ್ತದೆ. 'ಪ್ರಾಂಪ್ಟ್' ಎಂಬುದು ಯಂತ್ರದ ಪ್ರತಿ ಉತ್ತರದ ಕೊನೆಗೆ ಪಾತ್ರದ ಶಕ್ತಿ ಎಷ್ಟು ಉಳಿದಿದೆ ಎಂದು ತೋರಿಸುವ ಅಂಕಿಗಳ ಸಾಲು.

ಇವುಗಳಿಗಿಂತ ಮುಖ್ಯವಾದುದು ಮಾತಿನ ಮಾರ್ಗಗಳ ಆಯ್ಕೆ. ಆಟದಲ್ಲಿರುವ ಎಲ್ಲರಿಗೂ ಕೇಳಿಸುವ ಹರಟೆಯ ಮಾರ್ಗ, ಗುಂಪಿನವರ ಮಾರ್ಗ, ಒಬ್ಬರಿಗೊಬ್ಬರು ಗುಟ್ಟಾಗಿ ಆಡುವ ಮಾತು ಹೀಗೆ ಹಲವು ಬಗೆಯುಂಟು. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ತೆರೆಯಬಹುದು, ಮುಚ್ಚಬಹುದು. ಮಕ್ಕಳ ಮಟ್ಟಿಗೆ ಅಪರಿಚಿತರ ಗುಟ್ಟಿನ ಮಾತು ಮೊದಲ ದಿನದಿಂದಲೇ ಮುಚ್ಚಿರಬೇಕು. ಒಬ್ಬ ವ್ಯಕ್ತಿಯ ಮಾತು ಮಾತ್ರ ಬೇಡವಾದರೆ ಅನೇಕ ಆಟಗಳಲ್ಲಿ 'ಇಗ್ನೋರ್' ಎಂದು ಬರೆದು ಅವನ ಪಾತ್ರದ ಹೆಸರನ್ನು ಸೇರಿಸಿದರೆ ಸಾಕು. ಆ ರಾತ್ರಿ ಅಣ್ಣನು ತಂಗಿಯ ಕೈಯಿಂದಲೇ ಈ ಎರಡನ್ನೂ ಮಾಡಿಸಿದನು. ಹದಿನೈದು ದಿನಗಳ ಅಳಲು ಎರಡು ಸಾಲಿನಲ್ಲಿ ನಿಂತಿತು.

ಹಿಂದೆ ಸರಿಯುವ ಗೆರೆ, ಹಂಚಿಕೊಳ್ಳುವ ಗುಣ

ಡಿಕುಮಡ್ ಕುಲದ ಆಟಗಳಲ್ಲಿ 'ವಿಂಪಿ' ಎಂಬ ಸೆಟ್ಟಿಂಗ್ ಇದೆ. ಪದದ ಅರ್ಥ ಪುಕ್ಕಲ ಎಂದು. ಅಲ್ಲಿ ಒಂದು ಅಂಕಿಯನ್ನು ಇಟ್ಟರೆ, ಕಾಳಗದಲ್ಲಿ ಪಾತ್ರದ ಶಕ್ತಿಯು ಆ ಗೆರೆಗಿಂತ ಕೆಳಗಿಳಿದ ಕೂಡಲೇ ಪಾತ್ರವು ತಾನಾಗಿ ಓಡಲು ಯತ್ನಿಸುತ್ತದೆ. ಕೆಲವು ಆಟಗಳಲ್ಲಿ ಆ ಗೆರೆಯನ್ನು ಪೂರ್ಣ ಶಕ್ತಿಯ ಅರ್ಧಕ್ಕಿಂತ ಮೇಲೆ ಇಡಲು ಬಿಡುವುದಿಲ್ಲ. ಹೆಸರು ಹಾಸ್ಯದ್ದಾದರೂ ಒಳಗಿನ ಬುದ್ಧಿ ದೊಡ್ಡದು. ಹೋರಾಟದ ಕಾವಿನಲ್ಲಿ ನಿಲ್ಲಬೇಕೆಂಬ ವಿವೇಕ ಮೂಡುವುದಿಲ್ಲ. ಗೆರೆಯನ್ನು ಶಾಂತವಾಗಿರುವಾಗಲೇ ಎಳೆದಿರಬೇಕು. ಇಂದ್ರಿಯಗಳ ವಿಷಯದಲ್ಲಿ ನಮ್ಮ ಹಿರಿಯರು ವ್ರತನಿಯಮಗಳನ್ನು ಇಟ್ಟುಕೊಂಡದ್ದೂ ಇದೇ ಕಾರಣಕ್ಕಲ್ಲವೇ? ಆಡುವ ಹೊತ್ತಿಗೂ ಇಂತಹದೇ ಗೆರೆ ಬೇಕು. ಇಷ್ಟು ಗಂಟೆಗೆ ಏಳುತ್ತೇನೆಂದು ಕೂರುವ ಮುನ್ನವೇ ನಿಶ್ಚಯಿಸಬೇಕು.

'ಆಟೋಸ್ಪ್ಲಿಟ್' ಎಂಬ ಇನ್ನೊಂದು ಸೆಟ್ಟಿಂಗ್ ಈ ಕುಲದ ಹಲವು ಆಟಗಳಲ್ಲಿದೆ. ಅದನ್ನು ಹಾಕಿದವನಿಗೆ ದೊರೆತ ಹೊನ್ನು ಜೊತೆಯವರೆಲ್ಲರಿಗೂ ತಾನಾಗಿಯೇ ಸಮನಾಗಿ ಹಂಚಿಹೋಗುತ್ತದೆ. ಹಾಕಲೇಬೇಕೆಂಬ ಕಟ್ಟಳೆಯಿಲ್ಲ. ದಾಸೋಹದ ಮನೆಯಲ್ಲಿ ಬೆಳೆದ ಮಕ್ಕಳಿಗೆ ಯಾವುದನ್ನು ಆರಿಸಬೇಕೆಂದು ಹೇಳಬೇಕಾಗಿಲ್ಲ.

ಸೆಟ್ಟಿಂಗಿಗೂ ಮಿತಿಯುಂಟು

1990ರಲ್ಲಿ ಅಮೆರಿಕದ ಪಾವೆಲ್ ಕರ್ಟಿಸ್ ಎಂಬುವರು 'ಲ್ಯಾಂಬ್ಡಾಮೂ' ಎಂಬ ಅಕ್ಷರಲೋಕವನ್ನು ಕಟ್ಟಿದರು. ಅಲ್ಲಿ ಒಬ್ಬ ಆಟಗಾರನು ಎಲ್ಲರೂ ಸೇರುವ ಕೋಣೆಯಲ್ಲಿ ಇತರರ ಪಾತ್ರಗಳನ್ನು ಬಳಸಿಕೊಂಡು ಅತ್ಯಂತ ನೀಚವಾದ ಬರಹಗಳನ್ನು ಹರಿಯಬಿಟ್ಟನು. ಜೂಲಿಯನ್ ಡಿಬ್ಬೆಲ್ ಎಂಬ ಲೇಖಕರು 1993ರ ಡಿಸೆಂಬರಿನಲ್ಲಿ 'ವಿಲೇಜ್ ವಾಯ್ಸ್' ಪತ್ರಿಕೆಯಲ್ಲಿ ಇದನ್ನು ಬರೆದಾಗ ಲೋಕವೇ ಚರ್ಚಿಸಿತು. ಬರಿಯ ಅಕ್ಷರಗಳಾದರೂ ನೊಂದವರು ನಿಜವಾಗಿ ಅತ್ತಿದ್ದರು.

ಆ ಆಟದಲ್ಲಿಯೂ ಬೇಡದವರ ಮಾತನ್ನು ಮುಚ್ಚುವ ಸೆಟ್ಟಿಂಗ್ ಇತ್ತು. ಆದರೆ ಅದನ್ನು ಹಾಕಿದವರಿಗೆ ಮಾತ್ರ ಆ ಬರಹ ಕಾಣದಾಯಿತು, ಕೋಣೆಯಲ್ಲಿದ್ದ ಉಳಿದವರಿಗೆ ಕಾಣುತ್ತಲೇ ಇತ್ತು. ನಮ್ಮ ಕಿವಿ ಮುಚ್ಚಿದರೆ ಅವನ ಬಾಯಿ ಮುಚ್ಚುವುದಿಲ್ಲ. ಕೊನೆಗೆ ಅಲ್ಲಿಯವರು ಸಭೆ ಸೇರಿ ವಾದಿಸಿದರು, ಅವನ ಪಾತ್ರವನ್ನು ತೆಗೆದುಹಾಕಲಾಯಿತು, ಮುಂದೆ ಮನವಿ ಮತ್ತು ಮತದಾನದ ಪದ್ಧತಿಯೂ ಬಂದಿತು. ಮಾತಿನ ಸಭೆಗೆ ಶಿಸ್ತು ಬೇಕೆಂಬುದು ನಮಗೆ ಹೊಸದಲ್ಲ. ಕಲ್ಯಾಣದ ಅನುಭವಮಂಟಪದಲ್ಲಿ ನಾನಾ ಕಾಯಕದವರು, ಸ್ತ್ರೀಯರು, ಪುರುಷರು ಸರಿಸಮನಾಗಿ ಮಾತನಾಡಿದರು. ಅಲ್ಲಮಪ್ರಭುಗಳ ಅಧ್ಯಕ್ಷತೆಯೂ ಇತ್ತು.

ಆದುದರಿಂದ ಇಗ್ನೋರ್ ಹಾಕಿ ಸುಮ್ಮನಾಗಬಾರದು. ಆಡಿದ ಮಾತುಗಳನ್ನು ದಾಖಲಿಸಿಡುವ 'ಲಾಗ್' ಎಂಬ ಸೌಕರ್ಯ ಆಟದ ತಂತ್ರಾಂಶಗಳಲ್ಲಿದೆ. ಅದನ್ನು ತೆರೆದಿಟ್ಟು, ಕೆಟ್ಟ ಬರಹದ ಪ್ರತಿಯನ್ನು ಆಟದ ಮೇಲ್ವಿಚಾರಕರಿಗೆ ಕಳಿಸಬೇಕು. ಬೆದರಿಕೆ ಅಥವಾ ಲೈಂಗಿಕ ಕಿರುಕುಳವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ, ಹಣದ ಮೋಸವಾದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆಮಾಡಬಹುದು. ಈ ಆಟಗಳಲ್ಲಿ ಹೆಚ್ಚಿನವು ಉಚಿತವಾದರೂ ಕೆಲವು ಆಟದೊಳಗಿನ ವಸ್ತುಗಳನ್ನು ಹಣಕ್ಕೆ ಮಾರುವುದುಂಟು. ಹಣವನ್ನು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರಲ್ಲಿ ಬಂದಿದೆ. ಅವುಗಳಿಗೂ ಈ ಅಕ್ಷರದ ಆಟಗಳಿಗೂ ಇರುವ ಭೇದವನ್ನು ಹೆತ್ತವರು ಅರಿತಿರಬೇಕು.

ಕಣ್ಣು ಕಾಣದವರ ಅಂಗಳ

ಈ ಆಟಗಳಿಂದ ಒಂದು ದೊಡ್ಡ ಉಪಕಾರವಾಗಿದೆ. ಚಿತ್ರದ ಆಟಗಳಲ್ಲಿ ದೃಷ್ಟಿಹೀನರಿಗೆ ಎಡೆ ಕಡಿಮೆ. ಅಕ್ಷರದ ಆಟದಲ್ಲಿ ಹಾಗಲ್ಲ. ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳಿವೆ. 2006ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ 'ಎನ್‌ವಿಡಿಎ' ಅವುಗಳಲ್ಲೊಂದು, ಸಂಪೂರ್ಣ ಉಚಿತ. ಅದರ ನೆರವಿನಿಂದ ಕಣ್ಣಿಲ್ಲದವರು ಕಣ್ಣುಳ್ಳವರೊಡನೆ ಸರಿಸಮನಾಗಿ ಆಡುತ್ತಾರೆ. 'ಆಲ್ಟರ್ ಏಯಾನ್' ಎಂಬ ಆಟದಲ್ಲಿ ಇಂತಹ ಆಟಗಾರರು ಬಹುಸಂಖ್ಯೆಯಲ್ಲಿದ್ದಾರೆ.

ಅವರಿಗಾಗಿ ಮಾಡಬೇಕಾದ ಸೆಟ್ಟಿಂಗುಗಳು ಸರಳ. ಚುಕ್ಕಿ ಗೆರೆಗಳಿಂದ ಬಿಡಿಸಿದ ನಕ್ಷೆಯನ್ನು ತೆಗೆಯಬೇಕು, ಅಲಂಕಾರದ ಗೆರೆಗಳನ್ನು ನಿಲ್ಲಿಸಬೇಕು, ಪ್ರಾಂಪ್ಟನ್ನು ಚಿಕ್ಕದಾಗಿಸಬೇಕು. ಇಲ್ಲವಾದರೆ ಯಂತ್ರವು 'ಗೆರೆ, ಗೆರೆ, ಚುಕ್ಕಿ' ಎಂದು ಓದುತ್ತಲೇ ಇರುತ್ತದೆ. ಕೆಲವು ಆಟಗಳಲ್ಲಿ ಇದೆಲ್ಲಕ್ಕೂ ಸೇರಿ ಒಂದೇ ಸೆಟ್ಟಿಂಗ್ ಇದೆ. ನಮ್ಮ ಬಂಧುಬಳಗದಲ್ಲಿ ದೃಷ್ಟಿಹೀನ ಮಕ್ಕಳಿದ್ದರೆ, ರಜೆಯಲ್ಲಿ ಒಂದು ಮಧ್ಯಾಹ್ನ ಅವರ ಜೊತೆ ಕುಳಿತು ಇದನ್ನು ಮಾಡಿಕೊಟ್ಟರೆ ಅದೂ ಒಂದು ಕಾಯಕವೇ.

ಮನೆಯ ಸೆಟ್ಟಿಂಗ್

ಆ ರಾತ್ರಿ ಎಲ್ಲ ಮುಗಿಯುವಾಗ ಹತ್ತು ಗಂಟೆಯಾಗಿತ್ತು. ಹೊರಗೆ ಮಳೆ ಬಿಟ್ಟಿರಲಿಲ್ಲ. ಅಷ್ಟೂ ಹೊತ್ತು ಸುಮ್ಮನಿದ್ದ ತಾಯಿ ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ಹೇಳಿದ್ರ ಬಂದ್ ಮಾಡಿಸ್ತಾಳ ಅಂದ್ಯಲ್ಲವ್ವಾ, ಆ ಅಂಜಿಕಿ ನಿನಗ ಬಂದದ್ದ ನನ್ನ ಮಾತಿನಿಂದ. ಇನ್ನ ಏನಾದ್ರೂ ಮೊದಲ ನನಗ ಹೇಳು. ಬಂದ್ ಮಾಡಿಸಂಗಿಲ್ಲ, ಬಾಜೂಕ ಕುಂಡ್ರತೀನಿ."

ಯಂತ್ರದಲ್ಲಿರುವ ಪಟ್ಟಿಯಲ್ಲಿ ಈ ಸೆಟ್ಟಿಂಗ್ ಇಲ್ಲ. ಆದರೆ ಉಳಿದವುಗಳೆಲ್ಲ ನಿಂತಿರುವುದು ಇದರ ಮೇಲೆ. ಮಕ್ಕಳ ಕೈಯಿಂದ ಯಂತ್ರವನ್ನು ಕಿತ್ತುಕೊಳ್ಳುವುದು ಸುಲಭ, ಆದರೆ ಹಾಗೆ ಮಾಡಿದರೆ ಮುಂದಿನ ನೋವನ್ನು ಅವರು ನಮ್ಮಿಂದ ಮರೆಮಾಚುತ್ತಾರೆ. ಪಕ್ಕದಲ್ಲಿ ಕುಳಿತು ಯಾವ ಬಾಗಿಲು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂದು ಅವರ ಕೈಯಿಂದಲೇ ನಿಶ್ಚಯಿಸಿದರೆ, ಹೊರಗಿನ ಅಂಕೆಯು ಮೆಲ್ಲನೆ ಒಳಗಿನ ಅಂಕೆಯಾಗುತ್ತದೆ. ಓದುಗ ತಾಯಿತಂದೆಗಳು ಈ ವಾರದಲ್ಲಿ ಒಂದು ಸಂಜೆ, ಪೂಜೆ ಪ್ರಸಾದಗಳು ಮುಗಿದ ಮೇಲೆ, ಮಕ್ಕಳೊಡನೆ ಕುಳಿತು ಆ ಪಟ್ಟಿಯನ್ನೊಮ್ಮೆ ತೆರೆಸಿ ನೋಡಲಿ ಎಂದು ವಿನಂತಿಸುತ್ತೇನೆ.